ಹೇಳದೆ ಉಳಿಸಿಕೊಂಡ ಗುರುತು

ಹೋದ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಮೂರೂಕಾಲಿಗೆ, ಹುಣಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು, ಬಳಸಿದ ಒಂದು ಟ್ರೆಕ್ಕಿಂಗ್ ಬ್ಯಾಗನ್ನು ನಾನು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದೆ. ಫೋಟೊ ನಾಲ್ಕು, ವಿವರ ಒಂಬತ್ತು ಸಾಲು. ಬ್ಯಾಗು ನನ್ನದಲ್ಲ. ಅದರ ಯಜಮಾನ ಶಿವಮಲ್ಲು ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಅಂತರಸಂತೆಯ ಹತ್ತಿರದ ತನ್ನ ಮನೆಯಿಂದ ಹಿನ್ನೀರಿನ ಕಡೆಗೆ ಹೋದವನು ತಿರುಗಿ ಬಂದಿಲ್ಲ.

ಗಂಟೆ, ನಿಮಿಷ ಯಾಕೆ ಎಂದು ಕೇಳಬೇಡಿ. ಮೈಸೂರಿನ ಒಂದು ಪತ್ರಿಕೆಗೆ ಸುತ್ತಲಿನ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆದು ಬರೆದು ನಿವೃತ್ತನಾದವನು ನಾನು. ಮನೆಯಲ್ಲಿ ಹಾಲು ಉಕ್ಕಿದರೂ ಎಷ್ಟು ಹೊತ್ತಿಗೆ, ಎಷ್ಟು ಹಾಲು, ಕಂಡವರು ಯಾರು ಎಂದು ಮನಸ್ಸು ಕೇಳುತ್ತದೆ. "ಉಕ್ಕಿದ್ದು ನಿಮ್ಮ ಮುಂದೇನೇ. ಸಾಕ್ಷಿನೂ ನೀವೇ, ಆರೋಪಿನೂ ನೀವೇ" ಎಂದು ನನ್ನ ಹೆಂಡತಿ ಸರೋಜ ತೀರ್ಪು ಕೊಟ್ಟು ಒಲೆ ಒರೆಸುತ್ತಾಳೆ.

ಹಳೆಯ ಸಾಮಾನು ಮಾರುವ ಆ್ಯಪ್‌ಗಳನ್ನು ನೀವೂ ನೋಡಿರುತ್ತೀರಿ. ಟೆಂಟು ಮಾರುವವರು ಟೆಂಟನ್ನು ಚೀಲದಿಂದ ಹೊರಗೇ ತೆಗೆದಿರುವುದಿಲ್ಲ. ಒಂದು ಉದ್ದನೆಯ ಗಂಟು, ಪಕ್ಕದಲ್ಲಿ ಫೋಟೊ ತೆಗೆದವರ ಚಪ್ಪಲಿ, ಕೆಳಗೆ "ಸೂಪರ್ ಕಂಡೀಷನ್, ಒಂದೇ ಸಲ ಬಳಸಿದ್ದು" ಎಂಬ ಸಾಲು. ಒಂದೇ ಸಲ ಬಳಸಿ ಯಾಕೆ ಮಾರುತ್ತಿದ್ದೀರಿ, ಆ ಒಂದು ಸಲ ಏನಾಯಿತು ಎಂಬುದೇ ನನಗೆ ಮೊದಲು ಹೊಳೆಯುವ ಪ್ರಶ್ನೆ. ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ನಿವೃತ್ತಿಯ ನಂತರ ನನ್ನ ಮಳೆಕೋಟು, ಕಾಡಿನ ಶೂ, ಕ್ಯಾಮೆರಾ ಸ್ಟ್ಯಾಂಡು ಇವನ್ನೆಲ್ಲ ನಾನು ಹೀಗೆ ಮಾರಿದ್ದೆ. ಮಾರಿದ್ದನ್ನು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡೂ ಇದ್ದೆ. ಗುಟ್ಟೇನೂ ಇಲ್ಲ. ಬೆಳಿಗ್ಗೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಜಿಪ್ಪನ್ನು ಈ ತುದಿಯಿಂದ ಆ ತುದಿಗೆ ಎಳೆದು, ಎಲ್ಲಿ ಸಿಕ್ಕಿಕೊಳ್ಳುತ್ತದೋ ಆ ಜಾಗ ತೋರಿಸಿ. ಅಳತೆಗೆ ಟೇಪು ಹಿಡಿಯಿರಿ, ಅಂದಾಜು ಬೇಡ. ಹರಿದ ಜಾಗವನ್ನು ಮೊದಲು ಹೇಳಿ, ಗಟ್ಟಿ ಜಾಗವನ್ನು ಆಮೇಲೆ. ವಾಸನೆಯನ್ನು ಮರೆಯಬೇಡಿ, ಫೋಟೊದಲ್ಲಿ ಬರದೆ ಮನೆಗೆ ಬರುವುದು ಅದೊಂದೇ. ಬ್ಯಾಗಿನ ಜೊತೆಗೇ ನನ್ನ ಕೈಗೆ ಬಂದಿದ್ದ ಶಿವಮಲ್ಲುವಿನ ಸ್ಲೀಪಿಂಗ್ ಬ್ಯಾಗಿನ ಬಗ್ಗೆ ನಾನು "ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ವಾಸನೆ ಇದೆ. ಎರಡು ದಿನ ಬಿಸಿಲಿಗೆ ಹಾಕಿದೆ. ಹೋಗಿಲ್ಲ" ಎಂದು ಬರೆದೆ. ಮಡಿಕೇರಿಯ ಹೋಂಸ್ಟೇಯವರೊಬ್ಬರು ಮರುದಿನವೇ ಬಂದು, ಮೂಗಿಗೆ ಹಿಡಿದು, ನಾನು ಬರೆದದ್ದು ನಿಜವೆಂದು ಖಾತ್ರಿ ಮಾಡಿಕೊಂಡು ತೆಗೆದುಕೊಂಡು ಹೋದರು.

ಟೆಂಟಿನ ವಿಷಯದಲ್ಲಿ ಸ್ವಲ್ಪ ಎಡವಟ್ಟಾಯಿತು. ಟೆಂಟನ್ನು ನಿಲ್ಲಿಸಿಯೇ ಫೋಟೊ ತೆಗೆಯಬೇಕೆಂಬುದು ನನ್ನ ಹಟ. ಮನೆ ಮುಂದೆ ಕಡ್ಡಿ ಸಿಕ್ಕಿಸಿ ಎಬ್ಬಿಸಿ ಅರ್ಧ ಗಂಟೆ ಆಗಿರಲಿಲ್ಲ, ಎದುರು ಮನೆಯ ಪುಟ್ಟಸ್ವಾಮಿ ಹೆಗಲಿಗೆ ಟವೆಲ್ ಹಾಕಿಕೊಂಡು, ಚಪ್ಪಲಿಯನ್ನು ಗೇಟಿನ ಆಚೆಗೇ ಬಿಟ್ಟು ಒಳಗೆ ಬಂದರು. ಅವರ ಹಿಂದೆ ಇನ್ನಿಬ್ಬರು. ಮದುವೆಗಳಿಲ್ಲದ ಕಾಲದಲ್ಲಿ ಮನೆ ಮುಂದೆ ಶಾಮಿಯಾನ ಎದ್ದರೆ ನಮ್ಮ ಬೀದಿಯಲ್ಲಿ ಅದಕ್ಕಿರುವುದು ಒಂದೇ ಅರ್ಥ.

"ಯಾವಾಗ ಆಯ್ತು ಸಾರ್?" ಎಂದು ಮೆಲ್ಲಗೆ ಕೇಳಿದರು.

"ಏನು?"

ಅವರು ಟೆಂಟನ್ನು ನೋಡಿದರು. ನನ್ನನ್ನು ನೋಡಿದರು. ಒಳಗಿನಿಂದ ಬಂದ ಸರೋಜಳನ್ನು ನೋಡಿದರು. ಮನೆಯಲ್ಲಿ ಇರುವುದೇ ಇಬ್ಬರು; ಇಬ್ಬರೂ ನಿಂತಿದ್ದೆವು.

"ಮತ್ತೆ ಇಷ್ಟು ಚಿಕ್ಕ ಪೆಂಡಾಲು ಯಾರಿಗೆ?"

"ಮಾರೋದಕ್ಕೆ ಪುಟ್ಟಸ್ವಾಮಿ. ಒಳಗೆ ಒಬ್ಬರು ಆರಾಮಾಗಿ ಮಲಗಬಹುದು."

"ಅಂಗೇ ಕಾಣ್ತದೆ ಬುಡಿ" ಎಂದು ಅವರು ಟೆಂಟಿನ ಬಾಯಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಟೆಂಟು, ಸ್ಲೀಪಿಂಗ್ ಬ್ಯಾಗು, ತಲೆಗೆ ಕಟ್ಟುವ ಲೈಟು, ಬೈನಾಕ್ಯುಲರ್ ಎಲ್ಲವೂ ಶಿವಮಲ್ಲುವಿನವು. ಅವನು ಅಂಗಡಿಯಲ್ಲಿ ಕೊಂಡವಲ್ಲ. ಹಕ್ಕಿ ನೋಡುವವರನ್ನೂ ಕಾಡಿನ ಅಂಚು ನೋಡಬೇಕೆನ್ನುವವರನ್ನೂ ಕರೆದುಕೊಂಡು ತಿರುಗುವುದು ಅವನ ಕೆಲಸವಾಗಿತ್ತು. ಬಂದವರು ಹೋಗುವಾಗ ಒಂದೊಂದು ಬಿಟ್ಟು ಹೋಗುತ್ತಿದ್ದರು. ಉಳಿದ ದಿನ ಒಂದೂವರೆ ಎಕರೆಯಲ್ಲಿ ಹೊಗೆಸೊಪ್ಪು, ರಾಗಿ. ನನ್ನ ಕಾಡಂಚಿನ ವರದಿಗಳಲ್ಲಿ "ಸ್ಥಳೀಯರು ತಿಳಿಸಿದರು" ಎಂದು ಇದ್ದಲ್ಲೆಲ್ಲ ಆ ಸ್ಥಳೀಯರು ಇವನೊಬ್ಬನೇ. ಆನೆ ಎಷ್ಟು ಬಂದವು ಎಂದು ಫೋನಿನಲ್ಲಿ ಕೇಳಿದರೆ, "ನಾಕು ಕಂಡೊ ಸಾರ್. ಐದ್ನೇದು ಇತ್ತು, ನಾ ನೋಡ್ನಿಲ್ಲ. ನಾಕೇ ಬರ್ಕಳಿ" ಎನ್ನುತ್ತಿದ್ದ. ನಮ್ಮ ಕಚೇರಿಯಲ್ಲಿ ಸಂಬಳ ತೆಗೆದುಕೊಳ್ಳುವವರಿಗೂ ಅಷ್ಟು ಎಚ್ಚರ ಇರಲಿಲ್ಲ.

ಅವನು ಕಾಣೆಯಾದಾಗ ಪ್ರಕಟಣೆ ಬರೆದವನು ನಾನೇ. ಎತ್ತರ ಐದಡಿ ಐದಂಗುಲ, ಎಣ್ಣೆಗಪ್ಪು ಮೈಬಣ್ಣ, ಬಲ ಹುಬ್ಬಿನ ಮೇಲೆ ಗಾಯದ ಗುರುತು, ಮನೆ ಬಿಟ್ಟಾಗ ನೀಲಿ ಲುಂಗಿ ಮತ್ತು ಬಿಳಿ ಅಂಗಿ ಧರಿಸಿದ್ದರು, ಕಂಡವರು ತಿಳಿಸಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ ಇಂಥ ನೂರಾರು ಬರೆದಿದ್ದೆ. ಇದಕ್ಕೆ ಒಂದು ಫೋನ್ ಕೂಡ ಬರಲಿಲ್ಲ.

ಅವನ ಹೆಂಡತಿ ಮಹದೇವಮ್ಮ ಆಗಸ್ಟ್ ನಡುವಿನಲ್ಲಿ ಕರೆ ಮಾಡಿ ಬರಹೇಳಿದರು. ನಾನು ಸಂತೆಯ ದಿನ ಹೋದೆ. ಸಾಮಾನೆಲ್ಲ ನಡುಮನೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ಬ್ಯಾಗು ಮಾತ್ರ ಇನ್ನೂ ಗೋಡೆಯ ಮೊಳೆಯಲ್ಲಿತ್ತು. ಅವನು ಹೋದ ಬೆಳಿಗ್ಗೆ ಅದರ ಬಲಗಡೆಯ ಪಟ್ಟಿ ಕಿತ್ತುಹೋಗಿದ್ದರಿಂದ, ಹೊಲಿಯಲು ಇವರಿಗೆ ಕೊಟ್ಟು ಬರಿಗೈಯಲ್ಲಿ ಹೋಗಿದ್ದ.

"ನೀವು ಮೊಬೈಲಲ್ಲಿ ಮಾರ್ತೀರಂತಲ್ಲ ಅಣ್ಣ. ಇವ್ನೆಲ್ಲ ತಕ್ಕೊಂಡೋಗಿ" ಎಂದರು.

"ಯಾಕಮ್ಮ, ಇಷ್ಟು ದಿನ ಇಟ್ಟುಕೊಂಡಿದ್ರಲ್ಲ?"

"ಮಾಲಯ ಅಮಾಸೆ ಬತ್ತಾ ಅದೆ. ಈ ಸಲ ಅಣ್ಣನ ಎಸ್ರಲ್ಲಿ ಎಡೆ ಮಡಗೇ ಮಡಗ್ತೀನಿ ಅಂತ ನಮ್ ಮೈದ ಕೂತವ್ನೆ."

ಆ ಅಮಾವಾಸ್ಯೆಯಂದು ಈ ಕಡೆಯ ಮನೆಗಳಲ್ಲಿ ತೀರಿಕೊಂಡ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಎಲೆಯ ಪಕ್ಕದಲ್ಲಿ ಅವರು ಉಡುತ್ತಿದ್ದ, ಬಳಸುತ್ತಿದ್ದ ವಸ್ತುಗಳನ್ನು ಇಡುತ್ತಾರೆ. ಆಮೇಲೆ ಬಾಗಿಲು ಮುಂದಕ್ಕೆ ಹಾಕಿ ಎಲ್ಲರೂ ಹೊರಗೆ ಕೂರುತ್ತಾರೆ. ಒಳಗೆ ಯಾರೂ ಇರಬಾರದು.

"ಅತ್ತೆ ಮಾವಂಗೆ ಎರಡೆಲೆ ಸರಿ. ಮೂರ್ನೇ ಎಲೆ ಆಕ್ದಿದ್ರೆ ನಮ್ಮಣ್ಣ ಅಸ್ಕಂಡು ತಿರುಗ್ತಾನೆ ಅಂತಾನೆ ಅವ್ನು. ಬದುಕಿರೋರ್ಗೆ ಎಡೆ ಮಡಗ್ಬುಟ್ರೆ ಅವ್ರು ಮನೆಗೆ ಬಂದು ಎಲ್ಲಿ ಉಣ್ಬೇಕು, ನೀವೇ ಯೋಳಿ."

"ಅದಕ್ಕೂ ಈ ಸಾಮಾನಿಗೂ ಏನು?"

"ಎಲೆ ಪಕ್ಕ ಬ್ಯಾಗ್ ಮಡಗ್ತೀನಿ ಅಂತಾನೆ. ಬ್ಯಾಗೇ ಇಲ್ದಿದ್ರೆ ಏನ್ ಮಡಗ್ತಾನೆ?"

ಹೇಳುತ್ತಲೇ ಅವರು ಬ್ಯಾಗನ್ನು ಮೊಳೆಯಿಂದ ಇಳಿಸಿದರು. ಒಳಗೆಲ್ಲೋ ಕಿರುಗಂಟೆಯ ಸದ್ದಾಯಿತು. ಆ ಬ್ಯಾಗನ್ನು ಶಿವಮಲ್ಲುವಿನ ಬೆನ್ನ ಮೇಲೆ ನಾನು ಹತ್ತಾರು ಸಲ ನೋಡಿದ್ದೆ. ಒಳಗೆ ಗಂಟೆ ಇದೆಯೆಂದು ಗೊತ್ತಿರಲಿಲ್ಲ. ವರದಿಗಾರನ ಕಣ್ಣು ಎಂದು ಜನ ಹೇಳುವುದನ್ನು ನೀವು ಅಷ್ಟಾಗಿ ನಂಬಬೇಕಾಗಿಲ್ಲ.

ಮುಚ್ಚಳದ ಒಳಮಗ್ಗುಲಿಗೆ ಕರುವಿನ ಕೊರಳಿನ ಹಿತ್ತಾಳೆ ಗಂಟೆಯೊಂದನ್ನು ಹೊಲಿದಿದ್ದರು. ಹೊಲಿದವರು ಮಹದೇವಮ್ಮನೇ. ಗಂಡ ಊರ ಹತ್ತಿರ ಬಂದದ್ದು ಗೊತ್ತಾದರೆ ಒಲೆಗೆ ಎಸರಿಡಬಹುದು, ಕೈಕಾಲು ತೊಳೆಯುವಷ್ಟರಲ್ಲಿ ಬಿಸಿ ಮುದ್ದೆ ಆಗುತ್ತದೆ ಎಂಬ ಲೆಕ್ಕಾಚಾರ. ಹಕ್ಕಿ ನೋಡುವವರಿಗೆ ಸದ್ದು ಆಗದು. ಆದ್ದರಿಂದ ಅವನು ಕಾಡಿನಲ್ಲಿದ್ದಷ್ಟು ಹೊತ್ತು ಗಂಟೆಯ ಬಾಯಿಗೆ ಬಟ್ಟೆ ತುರುಕಿರುತ್ತಿದ್ದ. ಊರ ಬಾಗಿಲಿಗೆ ಬಂದ ಮೇಲೆ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ, ಬ್ಯಾಗಿನ ಎಡಗಡೆ ಜೇಬಿಗೆ ಇಟ್ಟು ನಡೆದು ಬರುತ್ತಿದ್ದ. ಹೆಂಡತಿ ಗಂಡ ಇಬ್ಬರ ನಡುವಿನ ಏರ್ಪಾಡು, ಮೂರನೆಯವರಿಗೆ ಹೇಳುವಂಥದ್ದಲ್ಲ.

"ಕೊನೇ ಸಲ ಬಂದಾಗ ಬಟ್ಟೆ ತೆಗೆದಿದ್ದದ್ದು ಅಂಗೇ ಅದೆ. ಗಾಳಿ ಬೀಸುದ್ರೆ ಮೊಳೇಲೇ ಅಲ್ಲಾಡ್ತದೆ. ನಾನು ಎಸರು ಮಡಗ್ತೀನಿ. ವಸಿ ಒತ್ತು ನೋಡ್ತೀನಿ. ಆಮೇಲೆ ಒಲೆ ಆರುಸ್ತೀನಿ" ಎಂದರು. "ಮೂರು ವರ್ಸ ಆಯ್ತು. ಸಾಕಾಯ್ತು ಕಣಣ್ಣ."

ಎಡಗಡೆ ಜೇಬಿನಿಂದ ಬಟ್ಟೆ ತೆಗೆದರು. ಹಳೆಯ ಟವೆಲಿನ ತುಂಡು, ಮೂರು ವರ್ಷದ ನಾಲ್ಕು ಮಡಿಕೆ. ಅದನ್ನು ಗಂಟೆಗೆ ಗಟ್ಟಿಯಾಗಿ ತುರುಕಿ ನನ್ನ ಬೆನ್ನಿಗೆ ಬ್ಯಾಗು ಏರಿಸಿದರು.

ಬ್ಯಾಗಿನ ವಿವರ ಬರೆಯಲು ಕೂತಾಗ ನನಗೆ ಬೇರೆ ಬಗೆ ತೋಚಲಿಲ್ಲ. "ಬಣ್ಣ: ಕಡುಹಸಿರು, ಮಾಸಿದೆ. ಎತ್ತರ: ಎರಡಡಿ ಒಂದಂಗುಲ. ಗುರುತು: ಮುಂದಿನ ಜೇಬಿಗೆ ಹಳದಿ ಹೂವಿನ ರವಿಕೆ ಬಟ್ಟೆಯ ತೇಪೆ; ಬಲ ಪಟ್ಟಿಗೆ ಕೆಂಪು ದಾರದ ಹೊಲಿಗೆ." ಹೀಗೆ ಹೋಯಿತು. ಸರೋಜ ಕನ್ನಡಕ ಏರಿಸಿ ಓದಿದಳು.

"ಇದನ್ನ ಓದಿದೋರು ಬ್ಯಾಗ್ ಕೊಳ್ಳಲ್ಲ. ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಡ್ತಾರೆ" ಎಂದಳು.

ಮಾರುವ ಕಾರಣ ಎಂಬ ಜಾಗವನ್ನು ಖಾಲಿ ಬಿಟ್ಟೆ. ಗಂಟೆಯ ವಿಷಯವನ್ನೂ ಬರೆಯಲಿಲ್ಲ. ಫೋಟೊದಲ್ಲಿ ಮುಚ್ಚಳ ಮುಚ್ಚಿತ್ತು.

ಗಂಟೆಯನ್ನು ಬಿಟ್ಟದ್ದು ಮರೆವಿನಿಂದಲ್ಲ, ಅಭ್ಯಾಸದಿಂದ. ನಾನು ಹುಟ್ಟಿದ್ದು ಕೆ.ಆರ್. ನಗರದಲ್ಲಿ, ನಾಲೆಯ ಪಕ್ಕದ ಬೀದಿಯಲ್ಲಿ. ಎಮ್ಮೆ ತಪ್ಪಿಸಿಕೊಂಡರೆ ತಮಟೆ ಬಾರಿಸಿ ಸಾರುವ ಪದ್ಧತಿ ಆಗ ಇನ್ನೂ ಇತ್ತು. "ಕರೀ ಎಮ್ಮೆ, ಎಡಗಿವಿ ಹರ್ದದೆ, ಬಾಲದ ತುದಿ ಬಿಳುಪು, ಕಂಡೋರು ಯೋಳ್ರಪ್ಪೋ" ಎಂದು ಬೀದಿ ಬೀದಿ ಕೂಗು. ಎಲ್ಲ ಗುರುತನ್ನೂ ಸಾರುತ್ತಿರಲಿಲ್ಲ, ಒಂದನ್ನು ಎಮ್ಮೆಯವರು ತಮ್ಮಲ್ಲೇ ಉಳಿಸಿಕೊಳ್ಳುತ್ತಿದ್ದರು. ಯಾರಾದರೂ "ಕಂಡೆ" ಎಂದು ಬಂದರೆ, ಸಾರದೆ ಉಳಿಸಿಕೊಂಡ ಆ ಗುರುತನ್ನು ಅವರಾಗಿಯೇ ಹೇಳುತ್ತಾರೋ ಎಂದು ಕಾಯುತ್ತಿದ್ದರು. ಹೇಳಿದರೆ ಕಂಡದ್ದು ನಿಜ.

ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ. ತಮಟೆ ಕೇಳಿದ ದಿನವೆಲ್ಲ ನನಗೆ ಕಂಡ ಎಮ್ಮೆಗಳ ಎಡಗಿವಿಯೆಲ್ಲ ಹರಿದಂತೆಯೇ ಕಾಣುತ್ತಿತ್ತು. ಎಂಟನೇ ವಯಸ್ಸಿನಲ್ಲಿ ಅಂಥ ಒಂದು ಎಮ್ಮೆಯನ್ನು ನಾಲೆಯಿಂದ ಎಳೆದುಕೊಂಡು ಎಮ್ಮೆ ಕಳೆದುಕೊಂಡವರ ಮನೆಗೆ ತಲುಪಿಸಿದೆ. ಆ ಮನೆಯ ಅಜ್ಜಿ ಎಮ್ಮೆಯ ಎರಡೂ ಕಿವಿ ಸವರಿ ನೋಡಿ, "ಇದ್ರ ಕಿವಿ ಚೆನ್ನಾಗೇ ಅವೆ ಕಣ್ಲಾ, ನಿನ್ನವೇ ವಸಿ ನೋಡ್ಕಬೇಕು" ಎಂದರು. ಅಷ್ಟರಲ್ಲಿ ನಾನು ಎಳೆದು ತಂದ ಎಮ್ಮೆಯವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಮುಂದೆ ಪತ್ರಿಕೆಯಲ್ಲಿ "ಸಿಕ್ಕಿದೆ" ಪ್ರಕಟಣೆಗಳನ್ನು ಬರೆಯುವಾಗ ನಮ್ಮ ಹಿರಿಯ ಉಪಸಂಪಾದಕರು ಅದೇ ಮಾತನ್ನು ಕಲಿಸಿದರು: ಒಂದು ಗುರುತು ನಿನ್ನ ಹತ್ತಿರ ಇರಲಿ.

ಬ್ಯಾಗಿನ ಪ್ರಕಟಣೆ ಹಾಕಿದ ಎರಡನೇ ದಿನ ಯಾರೋ ಬೆಲೆಯ ಸಾಲನ್ನು ಕತ್ತರಿಸಿ, ಉಳಿದದ್ದನ್ನು ವಾಟ್ಸಾಪ್ ಗ್ರೂಪುಗಳಿಗೆ ಹಾಕಿದರು. ಮೇಲೆ "ಕಂಡವರು ತಿಳಿಸಿ" ಎಂದು ತಾವೇ ಸೇರಿಸಿದರು. ತಪ್ಪು ಅವರದಲ್ಲ, ಬರೆದ ರೀತಿಯೇ ಹಾಗಿತ್ತು. ಮನುಷ್ಯನ ಬಗ್ಗೆ ಬರೆದಾಗ ಸುಮ್ಮನಿದ್ದ ಫೋನು ಬ್ಯಾಗಿನ ಬಗ್ಗೆ ಬರೆದಾಗ ಬಾಯಿ ಬಿಟ್ಟಿತು. ಕೊಳ್ಳುವವರು ಒಬ್ಬರೂ ಇಲ್ಲ. ಎಲ್ಲರೂ ಕಂಡವರು.

ಮೊದಲನೆಯವರು ಕೋಟೆ ಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದರು. ವಯಸ್ಸಾದ ಒಬ್ಬ ಗಂಡಸು ಬ್ಯಾಗನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ತಾನು ಅಂಚಿನಲ್ಲಿ ಕೂತಿದ್ದನಂತೆ. ಎರಡನೆಯವರು ಹುಣಸೂರಿನಲ್ಲಿ ಹೂ ಮಾರುವ ಹೆಂಗಸು. "ಬಿಳೀ ತಲೆ ಸಾ. ದಾರಿ ತಪ್ಪಿದೋರಂಗೆ ಅಲ್ಲೇ ಸುತ್ತುತಿದ್ರು. ಪಾಪ, ತಲೆ ಸರಿ ಇಲ್ವೇನೋ" ಎಂದರು. ನಾನು ನೋಟ್ ಪುಸ್ತಕದಲ್ಲಿ ಸ್ಥಳ, ದಿನ, ಹೊತ್ತು ಬರೆದುಕೊಂಡೆ. ಮೂರನೆಯವರು ಅಂತರಸಂತೆಯ ಸಂತೆಯಲ್ಲಿ ಕಂಡಿದ್ದರು. ಆ ಮನುಷ್ಯ ಬೋಂಡದ ಅಂಗಡಿ ಮುಂದೆ ನಿಂತು ನಾಲ್ಕು ಮೆಣಸಿನಕಾಯಿ ಬೋಂಡ ತಿಂದನಂತೆ.

ಫೋನು ಸ್ಪೀಕರಿನಲ್ಲಿತ್ತು. ಸರೋಜ ಅಡುಗೆಮನೆಯಿಂದ ಹೊರಗೆ ಬಂದಳು.

"ಸಂತೆ ದಿನ ಅಂತರಸಂತೇಲಿ ಬ್ಯಾಗ್ ಹೊತ್ಕೊಂಡು ಇದ್ದದ್ದು ಯಾರು?"

ನಾನು ನೋಟ್ ಪುಸ್ತಕ ನೋಡಿದೆ. ಮೂರೂ ಒಂದೇ ದಿನದವು. ಸಂತೆಯಲ್ಲಿ ಮಧ್ಯಾಹ್ನ, ಕೋಟೆಯಲ್ಲಿ ಮೂರು ಗಂಟೆ, ಹುಣಸೂರಿನಲ್ಲಿ ಐದು. ಎಲ್ಲ ಕಡೆಯೂ ಕಂಡವನು ನಾನೇ.

"ಎಣ್ಣೇದು ಮುಟ್ಟಲ್ಲ ಅಂತ ಡಾಕ್ಟರ್ ಮುಂದೆ ಹೇಳಿದ್ರಿ. ನಾಲ್ಕು" ಎಂದು ಹೇಳಿ ಅವಳು ಒಳಗೆ ಹೋದಳು.

ಆಮೇಲೆ ಬಂದ ಕರೆಗಳನ್ನು ನಾನು ಇದೇ ತೂಕದಲ್ಲಿ ಇಟ್ಟೆ. ಒಂದೋ ಕಂಡದ್ದು ನನ್ನನ್ನು, ಇಲ್ಲವೋ ಎಮ್ಮೆಯ ಹರಿದ ಕಿವಿ. ಬ್ಯಾಗು ನಮ್ಮ ಜಗಲಿಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಅದನ್ನು ಅಲ್ಲಿಂದ ಇಳಿಸಿರಲಿಲ್ಲ.

ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಬೈಲಕುಪ್ಪೆಯಿಂದ ಕರೆ ಬಂತು. ಟಿಬೆಟಿನವರ ಕ್ಯಾಂಪಿಗೆ ಹೋಗುವ ರಸ್ತೆ ಬದಿಯಲ್ಲಿ ಜೋಳದ ತೆನೆ ಸುಟ್ಟು ಮಾರುವ ರತ್ನಮ್ಮ ಎಂಬವರು. ಹಿಂದಿನ ದಿನ ಸಂಜೆ ನಾಲ್ಕರ ಹೊತ್ತಿಗೆ ಒಬ್ಬರು ತನ್ನ ಬೆನ್ನ ಹಿಂದಿನಿಂದ ನಡೆದು ಹೋದರು, ಬೆನ್ನಿನ ಮೇಲೆ ಹಳದಿ ಹೂವಿನ ತೇಪೆ ಹಾಕಿದ ಬ್ಯಾಗಿತ್ತು ಎಂದರು. ಬ್ಯಾಗಿನ ಫೋಟೊ ರಾತ್ರಿ ತಂಗಿಯ ಮೊಬೈಲಿನಲ್ಲಿ ನೋಡಿದರಂತೆ.

"ಮುಖ ನೋಡಿದ್ರಾ?"

"ಇಲ್ಲ ಸಾ. ನಾ ತಿರುಗೋ ಒತ್ಗೆ ಮುಂದಕ್ಕೋಗಿದ್ರು. ಬೆನ್ನೇ ಕಂಡದ್ದು."

ಸಾಕ್ಷಿಗೆ ಉತ್ತರವನ್ನು ನಾವೇ ಬಾಯಿಗೆ ಇಡಬಾರದು. "ಬೇರೆ ಏನಾದರೂ ಗಮನಕ್ಕೆ ಬಂತಾ?" ಎಂದಷ್ಟೇ ಕೇಳಿದೆ.

"ತಿರುಗಿದ್ದೇ ಅದಕ್ಕೆ ಸಾ. ಗಂಟೆ ಸದ್ದು ಬಂತು. ಕರು ಬಂದು ತೆನೆಗೆ ಬಾಯಾಕ್ತದೆ ಅಂತ ತಿರುಗುದ್ರೆ ಮನುಸ. ಬ್ಯಾಗಿನೊಳಗ್ಲಿಂದ ಬತ್ತಿತ್ತು ಸದ್ದು."

ಫೋನು ಇಟ್ಟ ಮೇಲೆ ಎದ್ದು ಹೋಗಿ ಬ್ಯಾಗಿನ ಮುಚ್ಚಳ ತೆರೆದೆ. ಗಂಟೆ ಇತ್ತು. ಬಟ್ಟೆ ಮಹದೇವಮ್ಮ ತುರುಕಿದ ಹಾಗೆಯೇ ಗಟ್ಟಿಯಾಗಿತ್ತು. ಬ್ಯಾಗನ್ನು ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ.

"ಕೊಳ್ಳೋರು ಸಿಕ್ಕಿದ್ರಾ?" ಎಂದು ಸರೋಜ ಒಳಗಿನಿಂದ ಕೇಳಿದಳು.

"ಇಲ್ಲ" ಎಂದೆ.

ಒಬ್ಬರು ಹೇಳಿದ್ದು ಸುದ್ದಿಯಲ್ಲ. ಮೂರು ವರ್ಷ ಒಲೆ ಹಚ್ಚಿ ಆರಿಸಿದವರಿಗೆ ಅರ್ಧ ಸುದ್ದಿ ಮುಟ್ಟಿಸುವುದು ಸುಳ್ಳು ಹೇಳುವುದಕ್ಕಿಂತ ಕೆಟ್ಟದ್ದು. ಸುಮ್ಮನಿದ್ದರೆ ಭಾನುವಾರ ಮೂರನೇ ಎಲೆ ಬೀಳುತ್ತದೆ; ಬ್ಯಾಗು ಸಿಗದಿದ್ದರೆ ಮೈದುನ ಅಣ್ಣನ ಅಂಗಿಯನ್ನಾದರೂ ಪಕ್ಕಕ್ಕೆ ಇಡುತ್ತಾನೆ. ಗುರುವಾರ ಬೆಳಿಗ್ಗೆ ನಾನು ಬೈಲಕುಪ್ಪೆಗೆ ಹೊರಟೆ. ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡರೆ ಮತ್ತೆ ನಾಲ್ಕು ಜನರಿಗೆ ಕಾಣುತ್ತೇನೆ ಎಂದು ಹಳೆಯ ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ ಎರಡೂ ತುದಿ ಕಟ್ಟಿದೆ.

"ಏನ್ ಸಾರ್, ಇಂಗೆ ಸುತ್ತುದ್ರೆ ಯಾರ್ ಪಕ್ಕದಲ್ಲಿ ಕೂತ್ಕತಾರೆ?" ಎಂದ ಬಸ್ಸಿನ ಕಂಡಕ್ಟರು. ಯಾರೂ ಕೂರಲಿಲ್ಲ.

ಸರೋಜಳ ಪೂಜೆಯ ಗಂಟೆಯನ್ನೂ, ಪುಟ್ಟಸ್ವಾಮಿಯ ಮೇಕೆಯ ಗಂಟೆಯನ್ನೂ ಜೊತೆಗೆ ತಂದಿದ್ದೆ. ಬ್ಯಾಗಿನದು ಸೇರಿ ಮೂರು. ರತ್ನಮ್ಮನನ್ನು ಕೆಂಡದ ಕಡೆಗೆ ಮುಖ ಮಾಡಿ ಕೂರಲು ಹೇಳಿ, ಬೆಡ್‌ಶೀಟಿನೊಳಗೆ ಕೈ ಹಾಕಿ ಬಟ್ಟೆ ತೆಗೆದು, ಬೆನ್ನ ಹಿಂದೆ ಒಂದೊಂದಾಗಿ ಆಡಿಸಿದೆ. ಪೊಲೀಸರು ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುತ್ತಾರಲ್ಲ, ಹಾಗೆ. ಕ್ಯಾಂಪಿನ ಇಬ್ಬರು ಸನ್ಯಾಸಿಗಳು ತೆನೆ ಕೊಳ್ಳಲು ಬಂದವರು, ನನ್ನನ್ನು ನೋಡಿ ಕೈ ಮುಗಿದರು. ಯಾವುದೋ ಪೂಜೆ ಎಂದುಕೊಂಡಿರಬೇಕು.

"ಮೊದಲನೇದು ದೇವರ ಮನೇದು. ಕೊನೇದು ಕುರೀದೋ ಮೇಕೇದೋ" ಎಂದರು ರತ್ನಮ್ಮ. "ನಡುಮದ್ಯದ್ದು ಸಾ. ಅದೇಯ."

ನಡುವೆ ಆಡಿಸಿದ್ದು ಬ್ಯಾಗಿನದು. ಮೂರರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿದರೂ ಸರಿಯಾಗಬಹುದು ಎಂಬುದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬಟ್ಟೆಯನ್ನು ಮತ್ತೆ ತುರುಕಿದೆ.

ಶುಕ್ರವಾರ ಅಂತರಸಂತೆಗೆ ಹೋದೆ. ಬೆಡ್‌ಶೀಟಿನ ಗಂಟು ನೋಡಿ ಮಹದೇವಮ್ಮ ಬಾಗಿಲಲ್ಲೇ ನಿಂತರು. ಯಾವ ಸುದ್ದಿ ತಂದಿದ್ದೇನೆಂದು ಅವರಿಗೆ ಅನಿಸಿತೋ ನನಗೆ ಆಮೇಲೆ ಹೊಳೆಯಿತು. ಅವಸರದಿಂದ ಗಂಟು ಬಿಚ್ಚಿ ಬ್ಯಾಗು ತೋರಿಸಿದೆ. ಆಮೇಲೆ ರತ್ನಮ್ಮ ಹೇಳಿದ್ದನ್ನು ಹೇಳಿದಷ್ಟೇ ಹೇಳಿದೆ. ಮುಖ ಕಂಡಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಗಂಟೆಯ ಬಾಯಿಗೆ ಬಟ್ಟೆ ಇದ್ದು, ಬ್ಯಾಗು ಆ ಹೊತ್ತಿಗೆ ನಮ್ಮ ಜಗಲಿಯಲ್ಲಿತ್ತು ಎಂಬುದನ್ನೂ ಹೇಳಿದೆ.

ಅವರು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರು. "ಯಾವ ಕಡೀಕ್ ಓಗ್ತಿದ್ರಂತೆ?"

"ಪಿರಿಯಾಪಟ್ಟಣದ ಕಡೆಗೆ."

"ಅಂಗಾರೆ ಈ ಕಡೀಕೇಯ."

ಮೈದುನ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. "ಅತ್ಗೆ, ಬ್ಯಾಗ್ ಇಲ್ಲೇ ಅದಲ್ಲ. ಬ್ಯಾಗ್ ಇಲ್ಲಿದ್ಮೇಲೆ ಅಲ್ಲಿ ನಡೆದದ್ದು ಏನು? ಅಸ್ಕಂಡಿರೋದಕ್ಕೇ ಅಂಗೆ ತಿರುಗೋದು. ಒಂದೆಲೆ ಆಕುದ್ರೆ ನಿಲ್ತದೆ" ಎಂದ.

"ಅಸಿದಿದ್ರೆ ಮನೆಗೆ ಬರ್ಲಿ" ಎಂದರು ಮಹದೇವಮ್ಮ. "ಬಂದೋರ್ಗೆ ತಟ್ಟೇಲಿ ಬಡುಸ್ತೀನಿ. ಎಲೇಲಿ ಬಡ್ಸಾಕಿಲ್ಲ."

ಬ್ಯಾಗನ್ನು ಅವರು ಮತ್ತೆ ಅದೇ ಮೊಳೆಗೆ ಹಾಕಿದರು. ಗಂಟೆಯ ಬಟ್ಟೆ ತೆಗೆದುಬಿಡಲೇ ಎಂದು ನಾನು ಕೈ ಚಾಚಿದೆ.

"ಬ್ಯಾಡಿ ಅಣ್ಣ. ಅದ್ನ ಅವ್ರೇ ತೆಗೀಲಿ. ಇನ್ಮೇಲೆ ಗಾಳಿಗೆಲ್ಲ ಎಸರು ಮಡಗಾಕಿಲ್ಲ."

ಶನಿವಾರ ನಾನು ಪ್ರಕಟಣೆಯನ್ನು ಅಳಿಸಿದೆ. ಅಳಿಸುವಾಗ ಆ್ಯಪ್ ಕಾರಣ ಕೇಳುತ್ತದೆ. ಮಾರಾಟವಾಯಿತು, ಮಾರುವ ಮನಸ್ಸಿಲ್ಲ, ವಸ್ತು ನನ್ನ ಬಳಿ ಇಲ್ಲ ಎಂದು ಮೂರು ಆಯ್ಕೆ. ಕೊನೆಯದನ್ನು ಒತ್ತಿದೆ.

ಭಾನುವಾರ ಅಮಾವಾಸ್ಯೆ. ಮಹದೇವಮ್ಮನ ಮನೆಯಲ್ಲಿ ಎರಡು ಎಲೆ ಹಾಕಿದರು. ಮೈದುನ ಊಟ ಮಾಡದೆ ಎದ್ದು ಹೋದ.

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ, ಹುಣಸೂರಿನಿಂದ ಕೋಟೆಗೆ ಹೋಗುವ ರಸ್ತೆಯ ಒಂದು ಹೊಗೆಸೊಪ್ಪಿನ ಬ್ಯಾರನ್ನಿನಿಂದ ಕರೆ ಬಂತು. ಸೊಪ್ಪು ಕಟ್ಟುತ್ತಿದ್ದವರು. ಹಸಿರು ಬ್ಯಾಗಿನವರು ಈಗ ತಾನೇ ರಸ್ತೆಯಲ್ಲಿ ಹೋದರು, ಕೂಗಿದರೂ ತಿರುಗಲಿಲ್ಲ ಎಂದರು.

"ಬೇರೆ ಏನಾದರೂ ಗಮನಕ್ಕೆ ಬಂತಾ?" ಎಂದು ಕೇಳಿದೆ.

"ಯಾರ್ದೋ ಕರು ತಪ್ಪಿಸ್ಕಂಡು ಬಂತು ಅಂತ ಎದ್ದು ನೋಡಿದ್ದು ಸಾರ್ ನಾವು" ಎಂದರು.

ನಾನು ಸ್ಕೂಟರಿನಲ್ಲಿ ಆ ರಸ್ತೆಯಲ್ಲಿ ಕೋಟೆಯವರೆಗೆ ಹೋಗಿ ಬಂದೆ. ಬ್ಯಾಗು ಹೊತ್ತವರು ಯಾರೂ ಸಿಗಲಿಲ್ಲ. ಮಹದೇವಮ್ಮನಿಗೆ ಫೋನ್ ಮಾಡಿ ಕೇಳಿದೆ. ಬ್ಯಾಗು ಮೊಳೆಯಲ್ಲಿತ್ತು. ಗಂಟೆಗೆ ಬಟ್ಟೆ ಇತ್ತು.

ಗುರುವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಮಹದೇವಮ್ಮ ಕರೆ ಮಾಡಿದರು. ಹಸುವಿಗೆ ಹುಲ್ಲು ಹಾಕಿ ಒಳಗೆ ಬಂದಾಗ ಗಂಟೆ ಆಡುತ್ತಿತ್ತು, ಬಟ್ಟೆ ನಾಲ್ಕು ಮಡಿಕೆಯಾಗಿ ಎಡಗಡೆ ಜೇಬಿನಲ್ಲಿದೆ ಎಂದು ತಿಳಿಸಿದರು. ಒಲೆಗೆ ಎಸರಿಟ್ಟಿರುವುದಾಗಿಯೂ ತಿಳಿಸಿದರು.